ಮೂಗು ಕಟ್ಟಿದ ಇಂಜಿನ್ನು

ನೀರಿನ ಟ್ಯಾಂಕಿನ ಏರಿನಲ್ಲಿ ಮೇಷ್ಟ್ರ ಕಾರನ್ನು ನೋಡಿದವರು ಅದು ಹೋಗುತ್ತಿದೆ ಎಂದು ಆಣೆ ಇಟ್ಟು ಹೇಳಲಾರರು. ನಿಂತಿದೆ ಎಂದೂ ಹೇಳಲಾರರು, ಏಕೆಂದರೆ ಸದ್ದು ಮಾತ್ರ ದಂಡು ಹೊರಟ ಸದ್ದು.

ಅಂದು ಸ್ಟಿಯರಿಂಗ್ ಹಿಡಿದು ಮೇಷ್ಟ್ರು, ಪಕ್ಕದಲ್ಲಿ ಅವರ ಹೆಂಡತಿ ಹಲ್ಲಿನ ಡಾಕ್ಟ್ರಮ್ಮ, ಹಿಂದಿನ ಸೀಟಿನಲ್ಲಿ ಮೇಷ್ಟ್ರ ತಾಯಿ, ಹೀಗೆ ಸಪರಿವಾರ ಸವಾರಿ ಹೊರಟಿತ್ತು. ಏರಿನ ಬುಡದಲ್ಲಿ ಎದುರುಮನೆಯಾಕೆ ಚೀಲ ಹಿಡಿದು ನಡೆದು ಹೋಗುತ್ತಿದ್ದರು. ತಾಯಿ ಕಿಟಕಿ ಇಳಿಸಿ ಮಾತು ಶುರುವಿಟ್ಟುಕೊಂಡರು. ಕಾರು ಹತ್ತುತ್ತಿತ್ತು, ಆಕೆ ಪಕ್ಕದಲ್ಲೇ ನಡೆಯುತ್ತಿದ್ದರು, ಮಾತು ಮಂಡಿನೋವಿನಿಂದ ಮಗಳ ಹೆರಿಗೆಗೆ, ಹೆರಿಗೆಯಿಂದ ಅಳಿಯನ ಜಿಪುಣತನಕ್ಕೆ ಸಾಗಿತು. ಅರ್ಧ ಏರಿನಲ್ಲಿ ಆಕೆ, "ನಾನು ಸ್ವಲ್ಪ ಮುಂದೆ ಹೋಗಿರ್ತೀನಿ ಕಣ್ರೀ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ. ನೀವು ನಿಧಾನವಾಗಿ ಬನ್ನಿ" ಎಂದು ಬಿರಬಿರನೆ ನಡೆದೇಬಿಟ್ಟರು.

ಅಷ್ಟೇ ಆಗಿದ್ದರೆ ಮೇಷ್ಟ್ರು ನುಂಗಿಕೊಳ್ಳುತ್ತಿದ್ದರು. ಆದರೆ ಹಿಂದಿನಿಂದ ಬಾಮೈದನ ಹೊಸ ಕಾರು ಬಂತು. ಬಂದದ್ದು ಬಂತು, ಸುಮ್ಮನೆ ಹೋಗಬೇಡವೇ? ಪಕ್ಕಕ್ಕೆ ಬಂದು ವೇಗ ತಗ್ಗಿಸಿ (ಎಷ್ಟು ತಗ್ಗಿಸಬೇಕಾಯಿತು ಎಂದರೆ ಅವನ ಕಾರು ಎರಡು ಸಲ ಆಫ್ ಆಯಿತು), "ಭಾವಾ, ಡಿಕ್ಕಿಯಲ್ಲಿ ಹಗ್ಗ ಇದೆ, ಕಟ್ಟಿ ಎಳೀಲಾ?" ಎಂದು ಹಲ್ಲು ಕಿರಿದ.

"ನೀನು ಹೋಗಯ್ಯ!" ಎಂದರು ಮೇಷ್ಟ್ರು. ಅವನು ಹೋದ. ಹೋಗಲು ಅವನ ಕಾರಿಗೆ ಬರುತ್ತಿತ್ತು.

"ನಿಮ್ಮಪ್ಪ ಓಡಿಸ್ತಿದ್ದಾಗ ಇಲ್ಲೊಂದು ಏರಿದೆ ಅಂತಾನೇ ನಂಗೆ ಗೊತ್ತಾಗ್ತಿರಲಿಲ್ಲ" ಎಂದು ತಾಯಿ ಹಿಂದಿನಿಂದ ನಿಟ್ಟುಸಿರು ಬಿಟ್ಟರು. ಡಾಕ್ಟ್ರಮ್ಮ ತಮ್ಮನ ಕಾರು ಏರಿನ ತುದಿಯಲ್ಲಿ ಮರೆಯಾಗುವುದನ್ನೇ ನೋಡುತ್ತಿದ್ದರು. ಮೇಷ್ಟ್ರಿಗೆ ಅದೇ ಹೆಚ್ಚು ಚುಚ್ಚಿತು.

ಮೇಷ್ಟ್ರ ಸಂಕಟ ಏನೆಂದು ಇಲ್ಲಿ ಹೇಳಿಬಿಡಬೇಕು. ಅವರು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವರು. ಯಾವ ರಾಜ ಎಷ್ಟು ಸುತ್ತಿನ ಕೋಟೆ ಕಟ್ಟಿಸಿದ, ಯಾವ ದಂಡನಾಯಕ ಯಾವ ಬೆಟ್ಟದಲ್ಲಿ ಸುರಂಗ ಕೊರೆಸಿದ ಎಂಬುದೆಲ್ಲ ನಾಲಿಗೆಯ ತುದಿಯಲ್ಲಿದೆ. ಆದರೆ ಮನೆಯಲ್ಲಿ ಒಮ್ಮೆ ಕ್ಯಾಲೆಂಡರಿಗೆಂದು ಮೊಳೆ ಹೊಡೆಯಲು ಹೋಗಿ ಅಂಗೈ ಅಗಲದ ಗಾರೆಯನ್ನು ಪಕ್ಕದ ಕೋಣೆಗೆ ಕಳಿಸಿಕೊಟ್ಟ ಮೇಲೆ ಅವರ ಕೈಗೆ ಯಾರೂ ಸುತ್ತಿಗೆ ಕೊಡಲಿಲ್ಲ. ಆ ಮನೆಯಲ್ಲಿ ಫ್ಯೂಸ್ ಹಾಕುವುದು ಡಾಕ್ಟ್ರಮ್ಮ. ನಲ್ಲಿಯ ವಾಷರ್ ಬದಲಿಸುವುದು ಡಾಕ್ಟ್ರಮ್ಮ. ಮಿಕ್ಸಿ ಹೊಗೆಯಾಡಿದರೆ ಅದರ ಹೊಟ್ಟೆ ಬಿಚ್ಚಿ, ಇಕ್ಕಳದಲ್ಲಿ ಏನೋ ಕಿತ್ತು, "ಇದೇ ನೋಡಿ ತೊಂದರೆ ಕೊಡ್ತಿದ್ದದ್ದು" ಎಂದು ತೋರಿಸುವುದೂ ಡಾಕ್ಟ್ರಮ್ಮನೇ. ಮೇಷ್ಟ್ರ ಪಾಲಿಗೆ ಬರುತ್ತಿದ್ದುದು ಸ್ಟೂಲು ಹಿಡಿದುಕೊಳ್ಳುವ ಕೆಲಸ. ಈ ಮನೆಯ ಯಾವುದಾದರೂ ಒಂದು ವಸ್ತುವನ್ನು ತೋರಿಸಿ ಹೆಂಡತಿ, 'ಇದು ನಮ್ಮವರು ಮಾಡಿದ್ದು' ಎಂದು ನಾಲ್ಕು ಜನರ ಎದುರಿಗೆ ಹೇಳಬೇಕು, ತಾವು 'ಅಯ್ಯೋ, ಅದೇನು ಮಹಾ' ಎಂದು ಸಂಕೋಚಪಡಬೇಕು. ಇದು ಮೇಷ್ಟ್ರ ಬಹುಕಾಲದ ಆಸೆ. ಸಂಕೋಚಪಡುವುದನ್ನು ಅವರು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದರು.

ಶಾಲೆಗೆ ರಜೆ ಶುರುವಾಗಿತ್ತು. ಮೇಷ್ಟ್ರು ಮೊಬೈಲು ಹಿಡಿದು ಮೂಲೆ ಸೇರಿದರು. ಅದರಲ್ಲಿ ಒಬ್ಬ ಗಡ್ಡದವನು ತನ್ನ ಷೆಡ್ಡಿನಲ್ಲಿ ಕೂತು ಕಾರಿನ ಇಂಜಿನ್ನನ್ನು ಬಿಚ್ಚಿ, ಕೊರೆದು, ಮತ್ತೆ ಜೋಡಿಸಿ, ಕೊನೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ. ಮೇಷ್ಟ್ರು ಅವನನ್ನು ಹಲವು ಸಲ ಹೋಗಲು ಬಿಟ್ಟು ನೋಡಿದರು. ಆಮೇಲೆ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು ಘೋಷಿಸಿದರು.

"ನಮ್ಮ ಇಂಜಿನ್ನಿಗೆ ಮೂಗು ಕಟ್ಟಿದೆ."

"ಆವಿ ತೊಗೊಂಡ್ರೆ ಸರಿಹೋಗುತ್ತೆ" ಎಂದರು ತಾಯಿ.

"ಅಮ್ಮಾ, ನಗುವ ವಿಷಯ ಅಲ್ಲ ಇದು. ಇಂಜಿನ್ನಿನ ಮೇಲೆ ಸಿಲಿಂಡರ್ ಹೆಡ್ ಅಂತ ಒಂದಿರುತ್ತೆ, ಅದರ ತಲೆ ಅಂತ ಇಟ್ಕೋ. ಅದರಲ್ಲಿ ಎಂಟು ಸುರಂಗ. ನಾಲ್ಕರಲ್ಲಿ ಗಾಳಿ, ಪೆಟ್ರೋಲು ಒಳಗೆ ಹೋಗುತ್ತೆ, ನಾಲ್ಕರಲ್ಲಿ ಹೊಗೆ ಆಚೆ ಬರುತ್ತೆ. ಕಾರ್ಖಾನೆಯವರು ಎರಕ ಹೊಯ್ದು ಹಾಗೇ ಬಿಟ್ಟಿರ್ತಾರೆ, ಒಳಗೆಲ್ಲಾ ಉಬ್ಬು, ತಗ್ಗು. ಅದನ್ನ ಕೊರೆದು, ಅಗಲ ಮಾಡಿ, ಹದ ಮಾಡಿಬಿಟ್ರೆ ಗಾಡಿ ಸರಾಗವಾಗಿ ಉಸಿರಾಡುತ್ತೆ. ಪೋರ್ಟಿಂಗ್ ಅಂತಾರೆ."

"ಗ್ಯಾರೇಜಿಗೆ ಕೊಡಿ" ಎಂದರು ಡಾಕ್ಟ್ರಮ್ಮ.

"ಗ್ಯಾರೇಜಿಗೆ ಕೊಟ್ರೆ ಅದು ಗ್ಯಾರೇಜಿನವರು ಮಾಡಿದ್ದಾಗುತ್ತೆ."

"ಆಗ್ಲಿ. ಏನೀಗ?"

ಏನೀಗ ಎಂದು ಹೇಗೆ ಹೇಳುವುದು? ಮೇಷ್ಟ್ರು ಅನ್ನವನ್ನು ಸುಮ್ಮನೆ ಕಲಸಿದರು. ಡಾಕ್ಟ್ರಮ್ಮ ಗಂಡನ ಮುಖ ನೋಡಿದರು. ಅವರಿಗೂ ಎಲ್ಲೋ ಒಂದಿಷ್ಟು ಅರ್ಥವಾಗಿರಬೇಕು. "ಸರಿ, ಏನಾದ್ರೂ ಮಾಡ್ಕೊಳ್ಳಿ. ಆದ್ರೆ ನನ್ನ ಕ್ಲಿನಿಕ್ಕಿನ ಕಡೆ ಬರ್ಬೇಡಿ, ಅಡುಗೆಮನೆ ಸಾಮಾನು ಮುಟ್ಬೇಡಿ" ಎಂದು ಷರತ್ತು ಹಾಕಿದರು.

ಮೇಷ್ಟ್ರು ಎರಡಕ್ಕೂ ಒಪ್ಪಿ, ಮಾರನೆಯ ದಿನವೇ ಎರಡನ್ನೂ ಮುರಿದರು. ಬಿಚ್ಚಿದ ಬೋಲ್ಟುಗಳು ಮೊಟ್ಟೆಯ ಟ್ರೇಯೊಳಗೆ ಕೂತವು, ಮೊಟ್ಟೆಗಳು ಸೋಫಾದ ಮೇಲೆ ಕೂತವು. ಕಳಚಿದ ಹೆಡ್ಡು ಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ಸೋಪಿನ ನೀರಿಗೆ ಬಿತ್ತು. ಒಳಗಿನ ಮಸಿ ತಿಕ್ಕಲು ಬ್ರಷ್ಷು ಬೇಕಾಗಿ ಮೇಷ್ಟ್ರು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರು. (ಅದು ಯಾರ ಹಲ್ಲುಜ್ಜುವ ಬ್ರಷ್ಷು ಎಂಬುದು ಮರುದಿನ ಬೆಳಿಗ್ಗೆ ಮೇಷ್ಟ್ರಿಗೇ ಗೊತ್ತಾಯಿತು. ಅವರದೇ.) ಹೊರಗೆ ಕಾರು ಬಾಯಿ ತೆರೆದುಕೊಂಡು ನಿಂತಿದ್ದರಿಂದ ಧೂಳು ಬೀಳಬಾರದೆಂದು ಬಿಳಿ ಬೆಡ್‌ಶೀಟು ಹೊದಿಸಿದರು. ಎದುರುಮನೆಯಾಕೆ ಅದನ್ನು ನೋಡಿ ಒಳಗೆ ಬಂದು, ತಾಯಿಯ ಕೈ ಹಿಡಿದು, "ಕೊನೆಗೂ ಹೋಯ್ತಾ?" ಎಂದು ಮೆಲ್ಲಗೆ ಕೇಳಿದರು.

ಕೊರೆಯಲು ಯಂತ್ರ ಬೇಕಿತ್ತಲ್ಲ? ಕ್ಲಿನಿಕ್ಕು ಮನೆಯ ಮುಂಭಾಗದ ಕೋಣೆಯಲ್ಲೇ ಇತ್ತು. ಅದರ ಸಾಮಾನಿನ ಕಪಾಟಿನಲ್ಲಿ, ಕಟ್ಟಿದ ಹಲ್ಲಿನ ಸೆಟ್ಟುಗಳನ್ನು ತಿಕ್ಕಿ ಹದ ಮಾಡುವ ಒಂದು ಹಳೆಯ ಪುಟ್ಟ ಮೋಟಾರು ಧೂಳು ತಿನ್ನುತ್ತಿತ್ತು. ಮೇಷ್ಟ್ರು ಅದನ್ನು ಟವೆಲಿನಲ್ಲಿ ಸುತ್ತಿ ಊಟದ ಮೇಜಿಗೆ ತಂದರು. ಸುರಂಗದ ಬಾಯಿಯನ್ನು ಎಲ್ಲಿಯವರೆಗೆ ಅಗಲಿಸಬೇಕೆಂದು ತಿಳಿಯಲು ಅದರ ಮೇಲೆ ಕೂರುವ ಗ್ಯಾಸ್ಕೆಟ್ ಎಂಬ ತೆಳು ಹಾಳೆಯ ಅಳತೆಗೆ ಗೆರೆ ಎಳೆಯಬೇಕು. ಗಡ್ಡದವನ ಬಳಿ ಅದಕ್ಕೆಂದೇ ಬಣ್ಣವಿತ್ತು. ಮೇಷ್ಟ್ರ ಬಳಿ ಹೆಂಡತಿಯ ಲಿಪ್‌ಸ್ಟಿಕ್ ಇತ್ತು. ಎಂಟು ತುಟಿಗಳಿಗೂ ಕೆಂಪು ಹಚ್ಚಿಸಿಕೊಂಡು ಹೆಡ್ಡು ಮೇಜಿನ ಮೇಲೆ ಸಿಂಗಾರವಾಗಿ ಕೂತಿತು.

ಕೆಲಸ ಶುರುವಾದಾಗ ಮುಂದಿನ ಕೋಣೆಯಲ್ಲಿ ಡಾಕ್ಟ್ರಮ್ಮ ಯಾರದೋ ಹಲ್ಲು ಕೀಳುತ್ತಿದ್ದರು. ಹೊರಗಿನ ಬೆಂಚಿನಲ್ಲಿ ದವಡೆ ಊದಿಸಿಕೊಂಡ ಒಬ್ಬ ಪೊಲೀಸು ತನ್ನ ಸರದಿಗೆ ಕಾಯುತ್ತಿದ್ದ. ಆಳು ಬಾಗಿಲಿನಷ್ಟಿದ್ದ. ಎಷ್ಟು ಕಳ್ಳರನ್ನು ಅಟ್ಟಿ ಹಿಡಿದಿದ್ದನೋ. ಊಟದ ಮನೆಯ ಗೋಡೆ ತೆಳ್ಳಗಿತ್ತು. ಮೊದಲು ಅವನಿಗೆ ಕೊರೆಯುವ ಸದ್ದು ಕೇಳಿಸಿತು, ಹಲ್ಲುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುವಂಥ ಸದ್ದು. ಆಮೇಲೆ ಮಾತು ಕೇಳಿಸಿತು.

"ಗಟ್ಟಿಯಾಗಿ ಹಿಡ್ಕೋ ಅಮ್ಮಾ, ಅಲ್ಲಾಡೋಕೆ ಬಿಡ್ಬೇಡ!"

"ಹಿಡ್ಕೊಂಡಿದೀನಿ ಕಣೋ, ಜಾರ್ತಿದೆ!"

"ಇನ್ನೂ ಅಗಲ ಮಾಡ್ಬೇಕು, ಒಳಗೆಲ್ಲಾ ಕಪ್ಪಗಾಗಿದೆ. ಒಂಚೂರು ಹೆಚ್ಚು ಹೋದ್ರೂ ಆಚೆ ಕಡೆ ತೂತು ಬಿದ್ದು ನೀರು ಬಂದ್ಬಿಡುತ್ತೆ!"

"ನೀರು ಬಂದ್ರೆ ಏನ್ ಮಾಡೋದೋ?"

"ಏನ್ ಮಾಡೋದು, ಈ ತಲೆ ಎಸೆದು ಬೇರೆ ತಲೆ ಹಾಕೋದು!"

ಪೊಲೀಸು ಎದ್ದ. ಟೋಪಿಯನ್ನೂ ಮರೆತು ಗೇಟು ದಾಟಿದ. ಸರದಿ ಕರೆಯಲು ಬಂದ ಡಾಕ್ಟ್ರಮ್ಮನಿಗೆ ಕಂಡದ್ದು ಖಾಲಿ ಬೆಂಚು, ಕೇಳಿದ್ದು ತಮ್ಮದೇ ಮೋಟಾರಿನ ಚೀರಾಟ.

"ರೀ!"

ಆ ಕೂಗಿಗೆ ಮೇಷ್ಟ್ರ ಕೈ ಸುರಂಗದಿಂದ ತಾನಾಗಿಯೇ ಹೊರಬಂತು. ಅಷ್ಟು ಹೊತ್ತಿಗೆ ಅವರು ಒಳಗಾಳಿಯ ಮೊದಲನೆಯ ಪೋರ್ಟನ್ನು, ಅಂದರೆ ಗಾಳಿ ಒಳಗೆ ಹೋಗುವ ಮೊದಲ ಸುರಂಗವನ್ನು, ಹೇಗೋ ಕೊನೆ ಮುಟ್ಟಿಸಿದ್ದರು. ಗೋಡೆಯಾಚೆ ಇಂಜಿನ್ನು ತಂಪು ಮಾಡುವ ನೀರಿನ ದಾರಿಗೆ ತೂತು ಬಿದ್ದೀತೆಂಬ ಹೆದರಿಕೆಯಲ್ಲಿ ಇಲ್ಲಿಷ್ಟು ಸವರಿ, ಅಲ್ಲಿಷ್ಟು ಕೆರೆದು, ಬೆವರು ಒರೆಸಿಕೊಂಡು, ಮತ್ತೆ ಸವರಿ ಮಾಡಿದ ಕೆಲಸ. ಬೆರಳು ಹಾಕಿದರೆ ತರಿತರಿ. ಆದರೂ ಅದು ಅವರ ಕೆಲಸ.

"ಪೇಷೆಂಟು ಓಡಿಹೋದ! ನನ್ನ ಮೋಟಾರು! ಅಯ್ಯೋ, ಅದು ನನ್ನ ಲಿಪ್‌ಸ್ಟಿಕ್ಕಾ? ಅತ್ತೆ, ನೀವಾದ್ರೂ ಹೇಳಬಾರ್ದಾ?"

"ನಾನು ಹೇಳಿದೆ ಕಣಮ್ಮ, ಈ ಬಣ್ಣ ಅದಕ್ಕೆ ಒಪ್ಪಲ್ಲ ಅಂತ" ಎಂದರು ತಾಯಿ.

ಡಾಕ್ಟ್ರಮ್ಮ ಬಾಯಿ ತುಂಬ ಬೈಯುವುದಕ್ಕೆಂದೇ ಹತ್ತಿರ ಬಂದರು. ಆದರೆ ಗಂಡ ಮೋಟಾರು ಹಿಡಿದಿದ್ದ ರೀತಿ ಕಣ್ಣಿಗೆ ಬಿತ್ತು. ಕಸುಬು ಗೊತ್ತಿದ್ದವರಿಗೆ ಅದು ಸಹಿಸಲಾಗದ ನೋಟ. "ಹಾಗಾ ಹಿಡಿಯೋದು? ಸೌಟು ಹಿಡಿದ ಹಾಗೆ? ಪೆನ್ನು ಹಿಡಿದ ಹಾಗೆ ಹಿಡೀಬೇಕು. ಕಿರುಬೆರಳು ಇಲ್ಲಿ ಊರ್ಬೇಕು. ಕೊಡಿ ಇಲ್ಲಿ, ಒಂದೇ ಒಂದು ನಿಮಿಷ" ಎಂದು ಕುರ್ಚಿ ಎಳೆದುಕೊಂಡರು.

ಆ ಒಂದು ನಿಮಿಷ ವಾರವಿಡೀ ನಡೆಯಿತು. ಪೇಷೆಂಟುಗಳು ಮುಗಿದ ಕೂಡಲೇ ಡಾಕ್ಟ್ರಮ್ಮ ಮಾಸ್ಕು ಹಾಕಿಕೊಂಡು ಊಟದ ಮನೆಗೆ ಬಂದುಬಿಡುತ್ತಿದ್ದರು. ಹೆಡ್ಡಿನ ಕೆಳಗೆ ಬಿಳಿ ಬಟ್ಟೆ ಹಾಸಿ, ಪುಟ್ಟ ಕನ್ನಡಿ ಒಳಗೆ ತೂರಿಸಿ, ಅಭ್ಯಾಸಬಲದಿಂದ "ಸ್ವಲ್ಪ ದೊಡ್ಡದಾಗಿ ಆ... ಅನ್ನಿ" ಎಂದುಬಿಡುತ್ತಿದ್ದರು. ಮೇಷ್ಟ್ರು ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಹಿಡಿದು ಪುಡಿ ಎಳೆಯಬೇಕಿತ್ತು. "ಮುಂದಿನದು ನಾನು ಮಾಡ್ತೀನಿ ಕಣೇ" ಎನ್ನುವರು. "ಹೂಂ, ಮುಂದಿನದು" ಎನ್ನುವರು ಅವರು. ಹೀಗೆ ಮುಂದಿನದು ಮುಂದಿನದು ಎಂದು ಏಳೂ ಮುಗಿದವು.

ಮುಗಿದದ್ದು ಎಂದರೆ ಅಂತಿಂಥದ್ದಲ್ಲ. ಮೊದಲು ಕೊರೆತ, ಆಮೇಲೆ ಮರಳು ಕಾಗದ, ಆಮೇಲೆ ಹಲ್ಲಿಗೆ ಹೊಳಪು ಕೊಡುವ ಪೇಸ್ಟು. ಒಳಗೆ ನೋಡಿದರೆ ಮುಖ ಕಾಣುತ್ತಿತ್ತು.

"ಇಷ್ಟೊಂದು ನುಣ್ಣಗೆ ಯಾಕೆ?" ಎಂದು ಮೇಷ್ಟ್ರು ಒಮ್ಮೆ ಕೇಳಿದರು.

"ನಾಲಿಗೆ ಆಡಿಸಿದ್ರೆ ಎಲ್ಲೂ ತಡೀಬಾರ್ದು."

"ಇಂಜಿನ್ನಿಗೆ ನಾಲಿಗೆ ಎಲ್ಲಿದೆಯೇ?"

"ಕೊಳವೆ ನೆಟ್ಟಗೆ ಹಿಡೀರಿ."

ಕೊನೆಯ ದಿನ ಡಾಕ್ಟ್ರಮ್ಮ, "ನಿಮ್ಮ ಆ ಮೊದಲನೇದನ್ನೂ ಒಂದು ಕೈ ನೋಡಿಬಿಡ್ಲಾ? ಪಾಪ, ಏಳರ ಮಧ್ಯೆ ಹುಳುಕು ಹಲ್ಲಿನ ಥರ ಕಾಣ್ತಿದೆ" ಎಂದು ಪ್ರೀತಿಯಿಂದಲೇ ಕೇಳಿದರು.

"ಅದನ್ನ ಮುಟ್ಬೇಡ!" ಮೇಷ್ಟ್ರು ಎರಡು ಕೈಯಿಂದಲೂ ಹೆಡ್ಡಿನ ಆ ಮೂಲೆಯನ್ನು ಮುಚ್ಚಿಕೊಂಡರು. "ಅದೊಂದು ನನ್ನದು. ಹೇಗಿದೆಯೋ ಹಾಗೇ ಇರಲಿ."

ಡಾಕ್ಟ್ರಮ್ಮ ನಕ್ಕು ಮೋಟಾರು ಕೆಳಗಿಟ್ಟರು. ಇಲ್ಲಿಗೆ ಕಥೆ ಮುಗಿದಿದ್ದರೆ ಗಂಡ ಹೆಂಡತಿ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಶನಿವಾರ ಬಾಮೈದನ ಫೋನು ಬಂತು.

"ಏನ್ ಭಾವ, ಗಾಡಿ ಬಿಚ್ಚಿ ಹಾಕಿದೀರಂತೆ? ಸೇರಿಸೋಕೆ ಯಾರನ್ನ ಕರೀತೀರಿ?"

ಆ ಧ್ವನಿಯಲ್ಲಿದ್ದ ನಗೆ ಮೇಷ್ಟ್ರ ತಲೆಗೆ ಏರಿತು. ಡಾಕ್ಟ್ರಮ್ಮ ಕ್ಲಿನಿಕ್ಕಿನಲ್ಲಿದ್ದರು. "ಸೇರಿಸೋದು ಇರ್ಲಯ್ಯ. ಪೋರ್ಟಿಂಗ್ ಅಂದ್ರೆ ಏನು ಗೊತ್ತಾ ನಿಂಗೆ? ಎಂಟಕ್ಕೆ ಎಂಟು, ನನ್ನ ಕೈಯಾರೆ ಮಾಡಿ ಇಟ್ಟಿದೀನಿ. ಒಳಗೆ ನೋಡಿ ತಲೆ ಬಾಚ್ಕೋಬಹುದು!"

"ಹೌದಾ? ಹಾಗಾದ್ರೆ ನಾಳೆ ಗುಡುಗನ್ನ ಕರ್ಕೊಂಡು ಬರ್ತೀನಿ. ಅವನೇ ನೋಡಿ ಹೇಳ್ಲಿ" ಎಂದು ಬಾಮೈದ ಫೋನಿಟ್ಟ.

ಗುಡುಗು ಎಂದರೆ ಬಾಮೈದನ ಗೆಳೆಯ. ರೇಸಿಗೆ ಬಿಡುವ ಕಾರುಗಳ ಇಂಜಿನ್ ಹದ ಮಾಡುವವನು. ಅವನು ಹದ ಮಾಡಿದ ಕಾರು ಬೀದಿಯಲ್ಲಿ ಹೋದರೆ ಕಿಟಕಿಯ ಗಾಜುಗಳು ನಡುಗುತ್ತವೆ, ಅವನು ಮಾತಾಡಿದರೂ ನಡುಗುತ್ತವೆ. ಭಾನುವಾರ ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡೇ ಒಳಗೆ ಬಂದ, ಸೋಫಾಕ್ಕೆ ಕಾಲು ತಾಗಿಸಿ ಎಡವಿದ, ಆದರೂ ತೆಗೆಯಲಿಲ್ಲ. "ನಾನು ಮುಟ್ಟಿದ ಇಂಜಿನ್ನು ಸೋತ ಚರಿತ್ರೆ ಇಲ್ಲ" ಎಂದು ಇತಿಹಾಸದ ಮೇಷ್ಟ್ರಿಗೇ ಹೇಳಿ ಕೈ ಕುಲುಕಿದ.

ಡಾಕ್ಟ್ರಮ್ಮ ಕಾಫಿಯ ತಟ್ಟೆ ಹಿಡಿದು ಬಂದರು. ತಾಯಿ ಗೋಡೆಗೊರಗಿ ಕೂತರು. ಗುಡುಗು ಕೊನೆಗೂ ಕನ್ನಡಕ ಹಣೆಗೆ ಏರಿಸಿ, ಜೇಬಿನಿಂದ ಪೆನ್ನಿನಂಥ ಲೈಟು ತೆಗೆದು, ಹೊಗೆಯ ಪೋರ್ಟುಗಳ ಕಡೆಯಿಂದ ಶುರುಮಾಡಿದ.

"ಓಹೋ! ಏನ್ ಹೊಳಪು ಸಾರ್! ಯಾರು ಮಾಡಿದ್ದು?"

"ನಾನೇ" ಎಂದರು ಮೇಷ್ಟ್ರು, ಕನ್ನಡಿಯ ಮುಂದೆ ಕಲಿತಿದ್ದ ಸಂಕೋಚದೊಂದಿಗೆ. "ಅದೇನು ಮಹಾ."

ಕಾಫಿ ಕೊಡುತ್ತಿದ್ದ ಡಾಕ್ಟ್ರಮ್ಮನ ಕೈ ಅರೆಗಳಿಗೆ ನಿಂತಿತು. ಆಮೇಲೆ ಗಂಡನ ಮುಖ ನೋಡಿ, ಹೋಗಲಿ ಪಾಪ, ತಮ್ಮನ ಮುಂದೆ ಒಂದು ದಿನ ಮೆರೆಯಲಿ ಎಂದುಕೊಂಡು ಸುಮ್ಮನೆ ಲೋಟ ಮುಂದಿಟ್ಟರು. ನಿಜಕ್ಕೂ ದೊಡ್ಡ ಮನಸ್ಸಿನ ಹೆಂಗಸು. ತಾಯಿ ಮಾತ್ರ "ಅಲ್ಲಾ" ಎಂದು ಬಾಯಿ ತೆರೆದರು. ಸೊಸೆ ಕಣ್ಸನ್ನೆ ಮಾಡಿದ್ದರಿಂದ ಅದರೊಳಕ್ಕೆ ಕಾಫಿ ಹೊಯ್ದುಕೊಂಡರು.

ಗುಡುಗು ಹೆಡ್ಡನ್ನು ತಿರುಗಿಸಿ ಒಳಗಾಳಿಯ ಕಡೆಗೆ ಬಂದ. ನಾಲ್ಕನೆಯದು ನೋಡಿದ, ಮೂರನೆಯದು ನೋಡಿದ, ಎರಡನೆಯದು ನೋಡಿದ. ಮೊದಲನೆಯದಕ್ಕೆ ಲೈಟು ಬಿಟ್ಟ. ಹುಬ್ಬು ಗಂಟಿಕ್ಕಿದ. ಬೆರಳು ಹಾಕಿದ, ತೆಗೆದ, ಮತ್ತೆ ಹಾಕಿದ. ಬಾಮೈದನ ಕಡೆ ತಿರುಗಿ ತಲೆ ಅಲ್ಲಾಡಿಸಿದ.

"ಇದು? ಇದೊಂದು ಬೇರೆ ಕೈ. ಇದು ಯಾರು ಮಾಡಿದ್ದು?"

ಬಾಮೈದನ ತುಟಿ ಆಗಲೇ ಅರಳುತ್ತಿತ್ತು. ಎರಡು ಕೈಯಲ್ಲಿ ಮುಚ್ಚಿ ಕಾಪಾಡಿಕೊಂಡಿದ್ದ ತಮ್ಮ ಏಕೈಕ ಪೋರ್ಟು, ಆ ಹುಳುಕು ಹಲ್ಲು, ಈಗ ಮಾನ ಕಳೆಯಲು ನಿಂತಿತ್ತು. ಮುಂದಿನ ಮಾತು ಅವರ ಬಾಯಿಂದ ಜಾರಿಯೇ ಹೋಯಿತು.

"ಅಯ್ಯೋ ಅದಾ? ಅದು ನಾನಲ್ಲಪ್ಪ. ಅದು ನನ್ನ ಹೆಂಡ್ತಿ ಮಾಡಿದ್ದು. ಆಸೆ ಪಟ್ಲು, ಕೇಳಿದ್ಲು, ಹೋಗ್ಲಿ ಒಂದು ಹಾಳಾದ್ರೆ ಹಾಳಾಗ್ಲಿ ಅಂತ ಬಿಟ್ಕೊಟ್ಟೆ. ಹೆಂಗಸರ ಕೈ, ನೀವೇನೂ ತಪ್ಪು ತಿಳ್ಕೋಬೇಡಿ."

ಡಾಕ್ಟ್ರಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಕುರ್ಚಿಯಲ್ಲಿ ನಿಧಾನವಾಗಿ 'ಈಗ ನೋಡೋಣ' ಎಂಬಂತೆ ಕೂತರು. ದೊಡ್ಡ ಮನಸ್ಸಿಗೂ ಒಂದು ಮಿತಿಯಿದೆ.

ಗುಡುಗು ಎದ್ದು ನಿಂತ. ಹಣೆಯ ಮೇಲಿದ್ದ ಕನ್ನಡಕವನ್ನೂ ತೆಗೆದು ಜೇಬಿಗಿಟ್ಟ. ಅವನು ಯಾರ ಮುಂದೆಯೂ ಹಾಗೆ ಮಾಡಿದ್ದನ್ನು ಬಾಮೈದ ಕಂಡಿರಲಿಲ್ಲ.

"ಮೇಡಂ, ಇದನ್ನ ಎಲ್ಲಿ ಕಲಿತ್ರಿ?"

"ಯಾಕೆ?" ಎಂದರು ಡಾಕ್ಟ್ರಮ್ಮ.

"ಯಾಕೆ ಅಂತೀರಾ! ಒಳಗೆ ಬರೋದು ಬರೀ ಗಾಳಿ ಅಲ್ಲ, ಪೆಟ್ರೋಲೂ ಜೊತೇಲಿರುತ್ತೆ. ಗೋಡೆ ಕನ್ನಡಿ ಥರ ಇದ್ರೆ ಪೆಟ್ರೋಲು ಹನಿಹನಿಯಾಗಿ ಅಂಟ್ಕೊಂಡು ಜಾರಿಬಿಡುತ್ತೆ, ಗಾಳೀಲಿ ಬೆರೆಯಲ್ಲ. ಗೋಡೆ ಹೀಗೆ ತರಿತರಿ ಇದ್ರೆ ಅಂಟಲ್ಲ, ಬೆರೀತಾನೇ ಹೋಗುತ್ತೆ. ಹೊಗೆ ಹೋಗೋ ಕಡೆ ಹೊಳಪು ಇರ್ಲಿ, ಒಳ್ಳೇದೇ. ಆದ್ರೆ ಒಳಗಾಳಿ ಕಡೆ ಸಾರ್ ಮಾಡಿದಾರಲ್ಲ ಈ ಮೂರು, ಇದು ಷೋಕೇಸಿಗೆ ಸರಿ, ಕಾರಿಗೆ ಅಲ್ಲ. ಹೊಸಬರೆಲ್ಲಾ ಮಾಡೋ ತಪ್ಪೇ ಇದು. ಮೇಡಂ ಕೆಲಸ ನೋಡಿ, ಎಷ್ಟು ಬೇಕೋ ಅಷ್ಟೇ ತೆಗೆದು, ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸಿದಾರೆ. ಇಂಥ ಕೈ ನಾನು ನೋಡೇ ಇಲ್ಲ!"

ಮೇಷ್ಟ್ರಿಗೆ ಮೊದಲು ಮೈಯೆಲ್ಲ ಜುಮ್ಮೆಂದಿತು. ತಮ್ಮ ಕೈ! ಜೀವಮಾನದಲ್ಲಿ ಮೊದಲ ಸಲ ಯಾರೋ ತಮ್ಮ ಕೈಯನ್ನು ಹೊಗಳುತ್ತಿದ್ದಾರೆ! ಆಮೇಲೆ ಆ ಹೊಗಳಿಕೆ ಯಾರ ವಿಳಾಸಕ್ಕೆ ಹೋಗುತ್ತಿದೆ ಎಂಬುದು ಹೊಳೆಯಿತು. ಇನ್ನು ತಡೆಯಲಾಗಲಿಲ್ಲ.

"ಅದು ನಾನು ಮಾಡಿದ್ದು!" ಎಂದು ಕೂಗಿಯೇಬಿಟ್ಟರು. "ದೇವರಾಣೆಗೂ ಅದೊಂದೇ ನಾನು ಮಾಡಿದ್ದು! ಮಿಕ್ಕ ಏಳೂ ಅವಳದ್ದು!"

ಎಲ್ಲರೂ ಅವರನ್ನೇ ನೋಡಿದರು. ಬಾಮೈದ ಮರುಕದಿಂದ ನಾಲಿಗೆ ಲೊಚಗುಟ್ಟಿದ. "ಭಾವ, ಇದು ಚೆನ್ನಾಗಿಲ್ಲ. ನಿನ್ನೆ ಎಂಟೂ ನಿಮ್ದೇ ಅಂದ್ರಿ. ಈಗ ಅಕ್ಕ ಆಸೆ ಪಟ್ಟು ಮಾಡಿದ್ದು ಒಂದೇ ಒಂದು ಚೆನ್ನಾಗಿದೆ ಅಂತ ಗೊತ್ತಾದ ತಕ್ಷಣ ಅದನ್ನೂ ಕಿತ್ಕೋತೀರಾ? ಹಾಳಾದ ಮೂರನ್ನ ಅವಳ ತಲೆಗೆ ಕಟ್ತೀರಾ?"

"ಅಮ್ಮಾ! ನೀನು ನೋಡಿದೀಯಲ್ಲ? ನೀನೇ ಹಿಡ್ಕೊಂಡಿದ್ದೆಯಲ್ಲ? ಹೇಳಮ್ಮಾ!"

ತಾಯಿ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. "ನಾನು ವಯಸ್ಸಾದವಳು ಕಣಪ್ಪ" ಎಂದರು. "ನೀನು ಈಗ ತಾನೆ ಬಾಯಿ ಬಿಟ್ಟು ಹೇಳಿದ್ದನ್ನ ನಾನು ಸುಳ್ಳು ಅನ್ನೋಕಾಗುತ್ತಾ?"

"ನೀನಾದ್ರೂ ಹೇಳೇ!" ಮೇಷ್ಟ್ರು ಹೆಂಡತಿಯ ಕಡೆ ತಿರುಗಿ ಅಂಗಲಾಚಿದರು.

ಡಾಕ್ಟ್ರಮ್ಮ ಗಲ್ಲಕ್ಕೆ ಕೈ ಕೊಟ್ಟು ಗಂಡನನ್ನು ದಿಟ್ಟಿಸಿದರು. ಆಮೇಲೆ ಎಲ್ಲರ ಕಡೆ ನೋಡಿ, ಅಳುವ ಮಗುವಿಗೆ ಮಿಠಾಯಿ ಕೊಡುವ ಧ್ವನಿಯಲ್ಲಿ, "ಹೌದು. ಅದು ಅವರೇ ಮಾಡಿದ್ದು. ನಮ್ಮವರೇ ಮಾಡಿದ್ದು, ಆಯ್ತಾ?" ಎಂದರು.

ಮೇಷ್ಟ್ರು ಇಷ್ಟು ವರ್ಷ ಕಾದಿದ್ದ ಮಾತು, ನಾಲ್ಕು ಜನರ ಎದುರಿಗೇ ಬಂತು. ಆದರೆ ನಂಬಬೇಕಾದ ಇಬ್ಬರಲ್ಲಿ ಒಬ್ಬರೂ ನಂಬಲಿಲ್ಲ. "ನೋಡಿದ್ಯಾ, ಅಕ್ಕನ ಗುಣ" ಎಂದು ಬಾಮೈದ ಕಣ್ಣು ಒರೆಸಿಕೊಂಡ. "ಅಪರೂಪದ ಹೆಂಗಸು" ಎಂದು ಗುಡುಗು ತನ್ನ ಮಟ್ಟಿಗೆ ಮೆಲ್ಲಗೆ ಗುಡುಗಿದ.

"ನಂಬಲ್ವಾ? ಹಾಗಾದ್ರೆ ಮಾಡಿ ತೋರಿಸ್ತೀನಿ" ಎಂದು ಮೇಷ್ಟ್ರು ತೋಳು ಮಡಚಿದರು. "ಹೊಳಪಿರೋ ಆ ಮೂರನ್ನೂ ಇದೇ ಥರ ಮಾಡ್ಬೇಕು ತಾನೆ? ಕೊಡಿ ಮೋಟಾರು!"

ಮೋಟಾರು ಹಿಡಿದು ಕೂತರು. ಎರಡನೆಯ ಪೋರ್ಟಿಗೆ ಕೈ ಹಾಕಿದರು. ಮೊದಲನೆಯದನ್ನು ಹೇಗೆ ಮಾಡಿದ್ದೆಂದು ನೆನಪಿಸಿಕೊಳ್ಳಲು ನೋಡಿದರು. ನೆನಪಿಗೆ ಬಂದದ್ದು ಬರೀ ಬೆವರು, ಹೆದರಿಕೆ. ಈಗ ಹೆದರಿಕೆಯ ಜಾಗದಲ್ಲಿ ರೋಷವಿತ್ತು. ರೋಷದ ಕೈ ಒಮ್ಮೆ ಭಾರವಾಯಿತು, ಒಮ್ಮೆ ಹಾರಿತು. ಒಂದು ಕಡೆ ನೇಗಿಲ ಸಾಲು ಬಿತ್ತು, ಇನ್ನೊಂದು ಕಡೆ ಹೊಳಪು ಹೊಳಪಾಗಿಯೇ ಉಳಿಯಿತು.

ಗುಡುಗು ಬಗ್ಗಿ ನೋಡಿ ಅವರ ಮಣಿಕಟ್ಟು ಹಿಡಿದ. "ನಿಲ್ಸಿ ಸಾರ್, ನಿಲ್ಸಿ. ಆತುರ ಬೇಡ. ಮೇಡಂ ಮಾಡಿರೋದಕ್ಕೆ ಒಂದು ಸಲ ಲೈಟು ಬಿಟ್ಟು ನೋಡ್ಕೊಳ್ಳಿ. ಆಮೇಲೆ ಅದೇ ಥರ ಪ್ರಯತ್ನ ಮಾಡಿ."

ಮೇಷ್ಟ್ರು ಲೈಟು ಬಿಟ್ಟು ತಮ್ಮ ಕೈಕೆಲಸವನ್ನು ತಾವೇ ನೋಡಿದರು. ನಿಜಕ್ಕೂ ಬಹಳ ಚೆನ್ನಾಗಿತ್ತು. ಮತ್ತೆ ಪಕ್ಕದ್ದಕ್ಕೆ ಕೈ ಹಾಕಿದರು. ಮತ್ತೆ ನೋಡಿದರು. ಕಾಫಿ ಆರಿಹೋಯಿತು. ಬಾಮೈದ ಆಕಳಿಸಿದ. ಕೊನೆಗೆ ಗುಡುಗು ಬೆರಳು ಹಾಕಿ ಪರೀಕ್ಷಿಸಿ, ಅವರ ಬೆನ್ನು ತಟ್ಟಿದ.

"ಪರವಾಗಿಲ್ಲ ಸಾರ್, ಬೇಜಾರು ಮಾಡ್ಕೋಬೇಡಿ. ದಿನಾ ಮೇಡಂ ಪಕ್ಕದಲ್ಲಿ ಕೂತು ಕಲೀರಿ. ಅವರ ಕೈ ನಿಮಗೆ ಬರೋದಿಲ್ಲ, ಅದು ಹುಟ್ಟಿನಿಂದ ಬರ್ಬೇಕು. ಆದ್ರೂ ಶ್ರದ್ಧೆಯಿಂದ ಮಾಡಿದ್ರೆ ಪಾಸಾಗೋಷ್ಟು ಬರುತ್ತೆ."

"ಆಗ್ಲಿ" ಎಂದರು ಮೇಷ್ಟ್ರು.